ಪರದೆಯ ಹಿಂದಣ ಒಡಂಬಡಿಕೆ



ಹೈದರಾಬಾದು ನಗರದ ಪಶ್ಚಿಮಭಾಗದಲ್ಲಿ, ಮಾಧಾಪುರಕ್ಕೂ ಗಚ್ಚಿಬೌಲಿಗೂ ನೆರೆಯಾಗಿ, ವಿಶಾಲವಾದ ಸಸ್ಯೋದ್ಯಾನವೊಂದರ ಹಸುರನ್ನು ಮಗ್ಗುಲಲ್ಲಿಟ್ಟುಕೊಂಡು ಬೆಳೆದಿರುವ ಕೊಂಡಾಪುರವು ನಾನು ಈಗ ವಾಸಿಸುತ್ತಿರುವ ಬಡಾವಣೆ. 1998ನೆಯ ಇಸವಿ ನವೆಂಬರ್ 22ರಂದು ಅಂದಿನ ಪ್ರಧಾನಮಂತ್ರಿಗಳಾಗಿದ್ದ ಅಟಲ ಬಿಹಾರಿ ವಾಜಪೇಯಿಯವರು ಸಮೀಪದ ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದರು. ಅದೇ ವರ್ಷದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯೂ ಈ ನಗರದಲ್ಲಿ ತನ್ನ ಅಭಿವೃದ್ಧಿ ಕೇಂದ್ರವನ್ನು ತೆರೆಯಿತು. ಅಲ್ಲಿಂದೀಚೆಗೆ ಬಂಡೆಗಲ್ಲುಗಳ ನಡುವಣ ಈ ಪ್ರದೇಶಕ್ಕೆ ಬೀದರ, ಕಲಬುರಗಿ, ರಾಯಚೂರು, ಯಾದಗಿರಿಗಳಿಂದ ತರುಣರು ತಂಡತಂಡವಾಗಿ ಬಂದು ನೆಲಸತೊಡಗಿದರು. ಅವರ ಅಜ್ಜಂದಿರು ನಿಜಾಮರ ಕಾಲದಲ್ಲಿ ಇದೇ ನಗರಕ್ಕೆ ವ್ಯಾಜ್ಯಕ್ಕಾಗಿಯೋ ವಿದ್ಯೆಗಾಗಿಯೋ ಬರುತ್ತಿದ್ದವರು. 1956ರ ನವೆಂಬರಿನಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದ ತರುವಾಯವೂ ಆ ಸಂಬಂಧ ಕಡಿದುಹೋಗಲಿಲ್ಲವೆಂಬುದಕ್ಕೆ ಇದೇ ನಗರದ ಕಾಚಿಗುಡದಲ್ಲಿರುವ ಕರ್ನಾಟಕ ಸಾಹಿತ್ಯ ಮಂದಿರವೇ ಸಾಕ್ಷಿಯಾಗಿದೆ. ಹೀಗೆ ಗಣಕಯಂತ್ರವನ್ನೇ ಅನ್ನದ ದಾರಿಯಾಗಿ ಮಾಡಿಕೊಂಡಿರುವ ಜನರ ನಡುವೆ ಬಾಳುತ್ತಿರುವ ನನಗೆ, ಅವರ ಮನೆಗಳಲ್ಲಿ ಪದೇಪದೇ ಕೇಳಿಬರುವ ಒಂದು ತೊಡಕನ್ನು ಕುರಿತು ತಮ್ಮೊಡನೆ ನಾಲ್ಕು ಮಾತು ಆಡಬೇಕೆಂಬ ಅಪೇಕ್ಷೆಯುಂಟಾಗಿದೆ. ಯಂತ್ರದ ವಿಂಡೋಸ್ ವ್ಯವಸ್ಥೆಗೆ ಬರತಕ್ಕ ಅಪ್‌ಡೇಟುಗಳನ್ನು ತಡೆದಿಟ್ಟವನು, ಕೆಲಕಾಲದ ಮೇಲೆ ಹೊಸದೊಂದು ಗ್ರಾಫಿಕ್ಸ್ ಕಾರ್ಡನ್ನು ತಂದು ಕೂಡಿಸಿ, ಅದರ ಡ್ರೈವರನ್ನು ಸ್ಥಾಪಿಸಲು ಹೊರಟಾಗ ಎದುರಿಸುವ ತೊಡಕೇ ಅದು.

ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ಮೇಜಿನ ಮೇಲಿರುವ ಯಂತ್ರದ ಮೇಲೆ ಅಧಿಕಾರವು ಯಾರದು, ಕೊಂಡವನದೋ ಮಾಡಿದವನದೋ, ಎಂಬ ದೊಡ್ಡ ಪ್ರಶ್ನೆಯು ಈ ಅಲ್ಪವಿಷಯದ ಒಳಗೇ ಅಡಗಿಕೊಂಡಿದೆ. ಆದುದರಿಂದ ಸ್ವಲ್ಪ ಸಾವಧಾನವಾಗಿ ಇದನ್ನು ಬಿಡಿಸಿ ನೋಡುವುದು ಯುಕ್ತವಾದೀತು.

ಮೊದಲು ಡ್ರೈವರೆಂದರೆ ಏನೆಂಬುದನ್ನು ತಿಳಿಯೋಣ. ಪರದೆಯ ಮೇಲೆ ಅಕ್ಷರಗಳನ್ನೂ ಚಿತ್ರಗಳನ್ನೂ ಮೂಡಿಸುವ ಕಾರ್ಯವನ್ನು ಒಂದು ಪ್ರತ್ಯೇಕವಾದ ಸಂಸ್ಕಾರಕಕ್ಕೆ ವಹಿಸಿದರೆ, ಅದನ್ನು ಹೊತ್ತ ಹಲಗೆಯನ್ನೇ ಗ್ರಾಫಿಕ್ಸ್ ಕಾರ್ಡೆಂದು ಕರೆಯುತ್ತೇವೆ. ಈ ಕಾರ್ಡನ್ನು ತಯಾರಿಸುವವರು ಒಬ್ಬರು, ವಿಂಡೋಸನ್ನು ಬರೆಯುವವರು ಮತ್ತೊಬ್ಬರು. ಒಂದರ ಅಂತರಂಗವು ಇನ್ನೊಂದಕ್ಕೆ ತಿಳಿಯದು. ಇವೆರಡರ ನಡುವೆ ನಿಂತು, ವ್ಯವಸ್ಥೆಯು ಸಾಮಾನ್ಯ ರೂಪದಲ್ಲಿ ಕೊಡುವ ಆಜ್ಞೆಯನ್ನು ಆ ಒಂದು ಕಾರ್ಡಿಗೆ ಮಾತ್ರ ಅರ್ಥವಾಗುವ ಸಂಕೇತಗಳನ್ನಾಗಿ ಪರಿವರ್ತಿಸಿ ಒಪ್ಪಿಸತಕ್ಕ ತಂತ್ರಾಂಶವೇ ಡ್ರೈವರು. ಇದು ಬರಿಯ ಮಧ್ಯವರ್ತಿಯಲ್ಲ. ಇದರ ಒಂದು ಭಾಗವು ವ್ಯವಸ್ಥೆಯ ಗರ್ಭಗೃಹದಲ್ಲಿ, ಕರ್ನಲ್ ಎಂದು ಕರೆಯಲ್ಪಡುವ ಒಳಮನೆಯಲ್ಲಿ, ಅತ್ಯುನ್ನತವಾದ ಅಧಿಕಾರದೊಡನೆ ಕುಳಿತಿರುತ್ತದೆ. ಅಲ್ಲಿ ಅದು ಎಡವಿದರೆ ಇಡೀ ಯಂತ್ರವು ನೀಲಿಯ ಪರದೆಯನ್ನು ತೋರಿಸಿ ನಿಂತುಬಿಡುತ್ತದೆ.

ಈ ಒಳಮನೆಯ ಪ್ರವೇಶಕ್ಕೆ ಒಂದು ಇತಿಹಾಸವುಂಟು. ಐ.ಬಿ.ಎಂ. ಸಂಸ್ಥೆಯು 1987ರಲ್ಲಿ ಪ್ರಚುರಪಡಿಸಿದ ವಿ.ಜಿ.ಎ. ಕ್ರಮದಲ್ಲಿ, 640 ಅಡ್ಡಬಿಂದುಗಳೂ 480 ನೀಟಬಿಂದುಗಳೂ 16 ಬಣ್ಣಗಳೂ ಇದ್ದ ಆ ಸರಳವಾದ ಚಿತ್ರಪಟದಲ್ಲಿ, ಡ್ರೈವರಿನ ಕೆಲಸವು ಸ್ವಲ್ಪವೇ ಆಗಿತ್ತು. 1996ರ ವಿಂಡೋಸ್ ಎನ್.ಟಿ. 4.0 ಆವೃತ್ತಿಯಲ್ಲಿ ವೇಗದ ಆಸೆಯಿಂದ ಚಿತ್ರಣದ ಬಹುಭಾಗವನ್ನು ಕರ್ನಲಿನೊಳಕ್ಕೆ ಕೊಂಡೊಯ್ದರು. ಅದರ ದುಷ್ಪರಿಣಾಮಗಳನ್ನು ಅನುಭವಿಸಿದ ಮೇಲೆ, 2007ರ ಆರಂಭದಲ್ಲಿ ಜನರ ಕೈಸೇರಿದ ವಿಂಡೋಸ್ ವಿಸ್ಟಾದಲ್ಲಿ ಡಬ್ಲ್ಯು.ಡಿ.ಡಿ.ಎಂ. ಎಂಬ ಹೊಸ ನಿಯಮಾವಳಿಯನ್ನು ರೂಪಿಸಿ, ಡ್ರೈವರನ್ನು ಎರಡಾಗಿ ಸೀಳಿ, ಹೆಚ್ಚಿನ ಭಾಗವನ್ನು ಹೊರಗಿನ ಅಂಗಳದಲ್ಲಿ ಕೂರಿಸಿ, ಅತ್ಯವಶ್ಯವಾದ ಅಂಶವನ್ನು ಮಾತ್ರ ಒಳಗೆ ಬಿಟ್ಟರು. ಈ ಸಂಧಿಕಾಲವು ಸುಖಕರವಾಗಿರಲಿಲ್ಲ. ವಿಸ್ಟಾ ಯಂತ್ರಗಳ ಕುಸಿತಗಳಲ್ಲಿ ನೂರಕ್ಕೆ ಸುಮಾರು 29ರಷ್ಟು ಒಂದೇ ಒಂದು ಪ್ರಸಿದ್ಧ ತಯಾರಕರ ಗ್ರಾಫಿಕ್ಸ್ ಡ್ರೈವರುಗಳಿಂದ ಸಂಭವಿಸಿದ್ದುವೆಂಬ ಲೆಕ್ಕವು, ಮುಂದೆ ಅಮೆರಿಕದ ನ್ಯಾಯಾಲಯವೊಂದರಲ್ಲಿ ಬಯಲಾದ ಮೈಕ್ರೋಸಾಫ್ಟಿನ ಪತ್ರಗಳಿಂದ ಲೋಕಕ್ಕೆ ತಿಳಿದುಬಂದಿತು. ವ್ಯವಸ್ಥೆಯು ಹೊಸ ನಿಯಮಕ್ಕೆ ಹೋಯಿತು, ಡ್ರೈವರುಗಳು ಇನ್ನೂ ಅಲ್ಲಿಗೆ ತಲುಪಿರಲಿಲ್ಲ. ಅಪಘಾತಕ್ಕೆ ಅದೇ ಕಾರಣವಾಯಿತು. ನಮ್ಮ ಇಂದಿನ ಪ್ರಸಂಗದಲ್ಲಿ ಇದರ ಪ್ರತಿಬಿಂಬವನ್ನೇ, ಎಡಬಲಗಳು ಅದಲುಬದಲಾದ ರೂಪದಲ್ಲಿ, ಮತ್ತೆ ಕಾಣಲಿದ್ದೇವೆ.

ಇನ್ನು ಜನರು ಅಪ್‌ಡೇಟುಗಳನ್ನು ಏಕೆ ತಡೆಯುತ್ತಾರೆಂಬುದನ್ನು ವಿಚಾರಿಸೋಣ. ತಡೆಯುವವರೆಲ್ಲರನ್ನೂ ಅವಿವೇಕಿಗಳೆಂದು ಜರೆಯುವುದು ಸುಲಭ. ಆದರೆ ಅದು ನ್ಯಾಯವಾಗದು. 2003ನೆಯ ಇಸವಿಯ ಅಕ್ಟೋಬರಿನಿಂದ ಮೊದಲ್ಗೊಂಡು ಪ್ರತಿ ತಿಂಗಳ ಎರಡನೆಯ ಮಂಗಳವಾರ ಈ ಅಪ್‌ಡೇಟುಗಳು ಬಿಡುಗಡೆಯಾಗುವ ಪದ್ಧತಿಯುಂಟು. ಅಮೆರಿಕದ ಪಶ್ಚಿಮತೀರದಲ್ಲಿ ಬೆಳಗಿನ ಹತ್ತು ಗಂಟೆಯಾಗುವ ಹೊತ್ತಿಗೆ ಕೊಂಡಾಪುರದಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಮರುದಿನ ಬೆಳಗ್ಗೆ ಒಪ್ಪಿಸಬೇಕಾದ ಕಾರ್ಯದಲ್ಲಿ ಮಗ್ನನಾಗಿರುವವನಿಗೆ, ಯಂತ್ರವನ್ನು ಪುನರಾರಂಭಿಸಬೇಕೆಂಬ ಸೂಚನೆಯು ಎಂದೂ ಪ್ರಿಯವಾಗಿ ಕಂಡಿರಲಾರದು. ಮೊಬೈಲಿನ ಅಂತರ್ಜಾಲವನ್ನೇ ಗಣಕಕ್ಕೂ ಹಂಚಿಕೊಂಡು ಬಳಸುವ ಪಿ.ಜಿ. ವಸತಿಗಳ ತರುಣರಿಗೆ ಡೇಟಾ ಮುಗಿದುಹೋಗುವ ಚಿಂತೆ ಬೇರೆ. ಸಕ್ರಮವಾದ ಪರವಾನಗಿಯಿಲ್ಲದ ವಿಂಡೋಸನ್ನು ಹಾಕಿಸಿಕೊಂಡವರಿಗೆ ಬೇರೊಂದು ಬಗೆಯ ಅಂಜಿಕೆ.

ಇವೆಲ್ಲಕ್ಕಿಂತ ಬಲವಾದ ಕಾರಣವು ಭೀತಿ. ಆ ಭೀತಿಗೆ ಆಧಾರವೂ ಇಲ್ಲದಿಲ್ಲ. 2018ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 10ರ ದೊಡ್ಡ ಅಪ್‌ಡೇಟೊಂದು ಕೆಲವರ ಯಂತ್ರಗಳಲ್ಲಿದ್ದ ದಾಖಲೆಗಳನ್ನೇ ಅಳಿಸಿಹಾಕಿತೆಂಬ ದೂರು ಬಂದುದರಿಂದ, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡು, ತಿದ್ದಿ, ನವೆಂಬರಿನಲ್ಲಿ ಮತ್ತೆ ಹಂಚಬೇಕಾಯಿತು. 2024ರ ಜುಲೈ 19ರಂದು ನಡೆದುದನ್ನಂತೂ ಹೈದರಾಬಾದಿನವರು ಮರೆತಿರಲಾರರು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಸಂಸ್ಥೆಯು ಕಳುಹಿಸಿದ ದೋಷಯುಕ್ತವಾದ ಒಂದು ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಲೋಕಾದ್ಯಂತ ಏಕಕಾಲಕ್ಕೆ ಕುಸಿದುಬಿದ್ದುವು. ಶಂಷಾಬಾದಿನ ನಮ್ಮ ವಿಮಾನನಿಲ್ದಾಣದಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ಬರೆದುಕೊಡಬೇಕಾಯಿತು. ಆ ಕಡತವು ವಿಂಡೋಸಿನ ಅಪ್‌ಡೇಟಾಗಿರಲಿಲ್ಲ ಎಂಬುದು ನಿಜ. ಕರ್ನಲಿನೊಳಗೆ ಕುಳಿತಿದ್ದ ಅನ್ಯರ ಡ್ರೈವರೊಂದು ಅದನ್ನು ಓದಿ ಎಡವಿದುದೇ ಮೂಲಕಾರಣ. ಆದರೆ ಜನಸಾಮಾನ್ಯರ ಮನಸ್ಸಿನಲ್ಲಿ ಇಂತಹ ಸೂಕ್ಷ್ಮಗಳು ಉಳಿಯುವುದಿಲ್ಲ. ಅಪ್‌ಡೇಟೆಂದರೆ ಅನರ್ಥವೆಂಬ ಸ್ಥೂಲವಾದ ಭಾವನೆಯೊಂದೇ ಉಳಿಯುತ್ತದೆ.

ಹೀಗೆ ಭಯಪಟ್ಟವನು ಸರ್ವಿಸಸ್ ಎಂಬ ಪಟ್ಟಿಯನ್ನು ತೆರೆದು, ವಿಂಡೋಸ್ ಅಪ್‌ಡೇಟ್ ಎಂಬ ಸೇವೆಯನ್ನು ನಿಷ್ಕ್ರಿಯಗೊಳಿಸುತ್ತಾನೆ. ವಿಂಡೋಸ್ 10ರಲ್ಲಿ ಈ ಸೇವೆಯನ್ನು ಮತ್ತೆ ಎಬ್ಬಿಸಿ ನಡೆಸುವುದಕ್ಕೆಂದೇ ಇನ್ನೊಂದು ದುರಸ್ತಿಯ ಸೇವೆಯನ್ನು ಇರಿಸಿದ್ದಾರೆ. ಅದು ತಿಳಿದೊಡನೆ ಅವನು ಯಾರೋ ಬರೆದ ಸಣ್ಣ ತಂತ್ರಾಂಶವೊಂದನ್ನು ಇಳಿಸಿಕೊಂಡು, ಆ ದುರಸ್ತಿಯ ಸೇವೆಯ ಕೈಕಾಲುಗಳನ್ನೂ ಕಟ್ಟಿಬಿಡುತ್ತಾನೆ. ಅಂದಿನಿಂದ ಯಂತ್ರವು ಶಾಂತವಾಗಿರುತ್ತದೆ. ತಿಂಗಳುಗಳು ಕಳೆಯುತ್ತವೆ, ವರ್ಷಗಳೂ ಕಳೆಯುತ್ತವೆ. ಏನೂ ಕೆಡುವುದಿಲ್ಲವಾದುದರಿಂದ ತಾನು ಮಾಡಿದುದು ಸರಿಯೆಂಬ ನಂಬಿಕೆಯು ದಿನೇದಿನೇ ದೃಢವಾಗುತ್ತದೆ.

ನಮ್ಮ ವಸತಿಸಮುಚ್ಚಯದಲ್ಲಿರುವ ಬೀದರ ಕಡೆಯ ತರುಣನೊಬ್ಬನಿಗೆ ಆದುದೂ ಇದೇ. ಚಲಿಸುವ ಚಿತ್ರಗಳನ್ನು ರಚಿಸುವ ಕಲೆಯನ್ನು ಅವನು ಅಭ್ಯಾಸಮಾಡುತ್ತಿದ್ದಾನೆ. ಕೂಡಿಟ್ಟ ಹಣವನ್ನು ಹಿಡಿದುಕೊಂಡು, ಸಿಕಂದರಾಬಾದಿನ ಪಾರ್ಕ್ ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ಜನರ ಬಾಯಲ್ಲಿ ಸಿ.ಟಿ.ಸಿ. ಎಂದೇ ಪ್ರಸಿದ್ಧವಾಗಿರುವ ಗಣಕಸಾಮಗ್ರಿಗಳ ಆ ಪೇಟೆಗೆ ಹೋಗಿ, ಗ್ರಾಫಿಕ್ಸ್ ಕಾರ್ಡೊಂದನ್ನು ಕೊಂಡುತಂದು, ಯಂತ್ರವನ್ನು ತೆರೆದು, ತಾನೇ ಅದನ್ನು ಕೂರಿಸಿದನು. ಸಂಜೆ ನಮ್ಮ ಬಾಗಿಲಿಗೆ ಬಂದು ನಿಂತಾಗ ಅವನ ಮುಖವು ಕಳೆಗುಂದಿದ್ದಿತು.

“ಕಾಕಾ, ಕಾರ್ಡ್ ಕುಂತದ, ಫ್ಯಾನ್ ತಿರಗಲತ್ತದ, ಖರೆ ಪರದೆದಾಗ ಎಲ್ಲಾ ದೊಡ್ಡ ದೊಡ್ಡ ಕಾಣಸ್ತದ. ಡ್ರೈವರ್ ಹಾಕ್ಲಿಕ್ಕ ಹೋದ್ರ ಈ ವಿಂಡೋಸಿಗಿ ಆಗಂಗಿಲ್ಲ ಅಂತದ ನೋಡ್ರಿ,” ಎಂದನು.

“ಅಪ್‌ಡೇಟ್ ಯಾವಾಗ ಮಾಡಿದ್ದಿಯಪ್ಪಾ?” ಎಂದು ಕೇಳಿದೆ.

“ಅದು ಬಂದ್ ಮಾಡಿ ಇಟ್ಟೀನ್ರಿ ಕಾಕಾ. ಕಾಲೇಜಿನಾಗ ಇದ್ದಾಗಿಂದs ಬಂದ್ ಅದ,” ಎಂದು ಅವನು ಒಂದು ಬಗೆಯ ಹೆಮ್ಮೆಯಿಂದಲೇ ಹೇಳಿದನು.

ಅವನ ಯಂತ್ರವನ್ನು ನೋಡಿ, ಅವನು ಮಾಡಿದ್ದ ಯತ್ನಗಳನ್ನೂ ವಿಚಾರಿಸಿದಾಗ, ಇಂತಹ ಪ್ರಸಂಗದಲ್ಲಿ ನಾಲ್ಕು ಬೇರೆಬೇರೆಯ ತಡೆಗಳು ಒಂದರ ಹಿಂದೊಂದು ನಿಂತಿರುವುದು ಕಂಡಿತು. ಕಾರ್ಡೇ ಕೆಟ್ಟಿದೆಯೆಂದೂ ಅಂಗಡಿಯವನು ಮೋಸಮಾಡಿದನೆಂದೂ ಇಂತಹ ಸಂದರ್ಭಗಳಲ್ಲಿ ಬಗೆಯುವವರೇ ಹೆಚ್ಚು. ಆದುದರಿಂದ ಆ ತಡೆಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

ಮೊದಲನೆಯದು ಹುಡುಕಾಟದ ತಡೆ. ಹೊಸ ಕಾರ್ಡನ್ನು ಕೂರಿಸಿದೊಡನೆ ವಿಂಡೋಸು ಅದರ ಗುರುತಿನ ಸಂಖ್ಯೆಯನ್ನು ಓದುತ್ತದೆ. ಪ್ರತಿಯೊಬ್ಬ ತಯಾರಕನಿಗೂ ಇಂತಹದೊಂದು ಸಂಖ್ಯೆಯುಂಟು. ಇಂಟೆಲ್ ಸಂಸ್ಥೆಯ ಸಂಖ್ಯೆಯು 8086 ಆಗಿದ್ದು, 1978ರಲ್ಲಿ ಅದು ಹೊರತಂದ ಸುಪ್ರಸಿದ್ಧ ಸಂಸ್ಕಾರಕದ ಹೆಸರನ್ನು ನೆನಪಿಗೆ ತರುತ್ತದೆ. ಆ ಸಂಖ್ಯೆಗೆ ಹೊಂದುವ ಡ್ರೈವರು ತನ್ನ ಭಂಡಾರದಲ್ಲಿದೆಯೇ ಎಂದು ವಿಂಡೋಸು ಮೊದಲು ಹುಡುಕುತ್ತದೆ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟಿನ ಮೂಲಕ ಅದನ್ನು ತರಿಸಿಕೊಳ್ಳಲು ಯತ್ನಿಸುತ್ತದೆ. ಆ ಸೇವೆಯನ್ನೇ ನಿಲ್ಲಿಸಿರುವಾಗ 0x80070422 ಎಂಬ ದೋಷಸಂಖ್ಯೆಯು ತಲೆದೋರುತ್ತದೆ. ಬೇಕಾದ ಸೇವೆಯು ನಿಷ್ಕ್ರಿಯವಾಗಿದೆಯೆಂಬುದೇ ಅದರ ತಾತ್ಪರ್ಯ. ಬೇರೆ ಗತಿಯಿಲ್ಲದ ವಿಂಡೋಸು ಆಗ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ತನ್ನ ಸಾಮಾನ್ಯ ಡ್ರೈವರಿನಿಂದಲೇ ಕಾಲಹಾಕುತ್ತದೆ. ಅದರಲ್ಲಿ ಚಿತ್ರವು ಕಾಣುತ್ತದೆ. ಆದರೆ ಬಿಂದುಗಳ ಸಂಖ್ಯೆಯನ್ನು ಬೇಕಾದಂತೆ ಬದಲಿಸಲು ಬರುವುದಿಲ್ಲ, ಎರಡನೆಯ ಪರದೆಯನ್ನು ಜೋಡಿಸಲು ಬರುವುದಿಲ್ಲ, ಕಾರ್ಡಿಗಾಗಿ ಕೊಟ್ಟ ಹಣಕ್ಕೆ ಪ್ರತಿಯಾಗಿ ದೊರೆಯಬೇಕಾದ ವೇಗವು ಲವಲೇಶವೂ ದೊರೆಯುವುದಿಲ್ಲ.

ಎರಡನೆಯದು ಆವೃತ್ತಿಯ ತಡೆ. ವಿಂಡೋಸ್ 10 ಎಂಬ ಹೆಸರು 2015ರಿಂದ ಒಂದೇ ಆಗಿದ್ದರೂ ಅದರ ಒಡಲು ಒಂದೇ ಆಗಿ ಉಳಿಯಲಿಲ್ಲ. ಮೇಲೆ ಹೇಳಿದ ಡಬ್ಲ್ಯು.ಡಿ.ಡಿ.ಎಂ. ನಿಯಮಾವಳಿಯು ವಿಸ್ಟಾದಲ್ಲಿ 1.0 ಎಂದು ಆರಂಭವಾಗಿ, ವಿಂಡೋಸ್ 10ರ ಮೊದಲ ಆವೃತ್ತಿಯಲ್ಲಿ 2.0 ಆಗಿ, 2020ರ ಆವೃತ್ತಿಯಲ್ಲಿ 2.7 ಆಗಿ, ವಿಂಡೋಸ್ 11ರಲ್ಲಿ 3.0 ಆಗಿ ಬೆಳೆಯಿತು. ಹೊಸ ಡ್ರೈವರನ್ನು ಬರೆಯುವವರು ಇಂತಹ ಒಂದು ಮಟ್ಟವನ್ನು ಕನಿಷ್ಠವೆಂದು ಭಾವಿಸಿ ಬರೆಯುತ್ತಾರೆ. ಅದಕ್ಕಿಂತ ಕೆಳಗಿನ ಯಂತ್ರದಲ್ಲಿ ಸ್ಥಾಪಕ ತಂತ್ರಾಂಶವು ಮೊದಲ ಹೆಜ್ಜೆಯಲ್ಲಿಯೇ ನಿಂತುಬಿಡುತ್ತದೆ. ಹಾಗಾದರೆ ಹಳೆಯ ಡ್ರೈವರನ್ನೇ ಹುಡುಕಿ ಹಾಕೋಣವೆಂದು ನಮ್ಮ ತರುಣನು ಯೋಚಿಸಿದ್ದನು, ಹಾಕಿಯೂ ನೋಡಿದ್ದನು. ಆದರೆ ಪ್ರತಿಯೊಂದು ಡ್ರೈವರಿನೊಡನೆಯೂ ತಾನು ಯಾವಯಾವ ಕಾರ್ಡುಗಳನ್ನು ಬಲ್ಲೆನೆಂಬ ಪಟ್ಟಿಯೊಂದಿರುತ್ತದೆ. ಕಾರ್ಡು ಹುಟ್ಟುವುದಕ್ಕಿಂತ ಮೊದಲೇ ಬರೆದ ಡ್ರೈವರಿನ ಪಟ್ಟಿಯಲ್ಲಿ ಆ ಕಾರ್ಡಿನ ಸಂಖ್ಯೆಯು ಇರುವುದಾದರೂ ಹೇಗೆ? ಹೀಗೆ ಹಳೆಯ ಡ್ರೈವರಿಗೆ ಹೊಸ ಕಾರ್ಡಿನ ಪರಿಚಯವಿಲ್ಲ, ಹೊಸ ಡ್ರೈವರಿಗೆ ಹಳೆಯ ವಿಂಡೋಸಿನ ಸಮ್ಮತಿಯಿಲ್ಲ ಎಂಬ ಇಕ್ಕಟ್ಟಿನಲ್ಲಿ ಅವನು ಸಿಕ್ಕಿಕೊಂಡಿದ್ದನು.

ಮೂರನೆಯದು ಮುದ್ರೆಯ ತಡೆ. ವಿಸ್ಟಾದ 64 ಬಿಟ್ಟಿನ ಆವೃತ್ತಿಯಿಂದ ಮೊದಲ್ಗೊಂಡು, ಕರ್ನಲಿನೊಳಕ್ಕೆ ಹೋಗತಕ್ಕ ಪ್ರತಿಯೊಂದು ಡ್ರೈವರಿಗೂ ಅಂಕೀಯವಾದ ಸಹಿಯು ಇರಲೇಬೇಕೆಂದು ವಿಧಿಸಲಾಗಿದೆ. ಈ ಸಹಿಗೆ ಬಹುಕಾಲ ಶಾ-1 ಎಂಬ ಗಣಿತಕ್ರಮವನ್ನು ಆಶ್ರಯಿಸಿದ್ದರು. ಆ ಕ್ರಮವು ದುರ್ಬಲವೆಂಬ ಸಂಶಯವು ಮೊದಲಿನಿಂದ ಇದ್ದು, 2017ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯವರೂ ಆಂಸ್ಟರ್‌ಡಾಮಿನ ಸಂಶೋಧಕರೂ ಕೂಡಿ, ಎರಡು ಭಿನ್ನವಾದ ಕಡತಗಳು ಒಂದೇ ಮುದ್ರೆಯನ್ನು ಪಡೆಯಬಲ್ಲುವೆಂದು ಪ್ರತ್ಯಕ್ಷವಾಗಿಯೇ ತೋರಿಸಿಕೊಟ್ಟರು. ಲೋಕವು ಶಾ-2 ಎಂಬ ಮುಂದಿನ ಕ್ರಮಕ್ಕೆ ಸಾಗಿತು. ವಿಂಡೋಸ್ 10ರಲ್ಲಿ ಅದನ್ನು ಓದುವ ಶಕ್ತಿಯು ಹುಟ್ಟಿನಿಂದಲೇ ಇದ್ದಿತು. ಆದರೆ ಹಳೆಯ ವಿಂಡೋಸ್ 7ಕ್ಕೆ ಆ ಶಕ್ತಿಯನ್ನು 2015ರಲ್ಲಿಯೂ 2019ರಲ್ಲಿಯೂ ಅಪ್‌ಡೇಟುಗಳ ಮೂಲಕವೇ ಒದಗಿಸಿದರು. ಅವುಗಳನ್ನು ಪಡೆಯದ ವಿಂಡೋಸ್ 7 ಯಂತ್ರದಲ್ಲಿ, ಡ್ರೈವರು ನಿರ್ದುಷ್ಟವಾಗಿದ್ದರೂ, ಸಹಿಯು ಅಸಲಾಗಿದ್ದರೂ, ಆ ಸಹಿಯನ್ನು ಓದಬಲ್ಲ ಕಣ್ಣೇ ಇಲ್ಲದುದರಿಂದ 52ನೆಯ ಸಂಖ್ಯೆಯ ದೋಷವು ಕಾಣಿಸಿಕೊಂಡು ಕಾರ್ಡು ನಿಷ್ಪ್ರಯೋಜಕವಾಗುತ್ತದೆ. ನಮ್ಮ ತರುಣನು ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಕೋಣೆಯ ಗೆಳೆಯನ ವಿಂಡೋಸ್ 7 ಯಂತ್ರದಲ್ಲಿ ಕಾರ್ಡನ್ನು ಪರೀಕ್ಷಿಸಲು ಹೋಗಿ ಈ ದೋಷವನ್ನು ಕಂಡಿದ್ದನು. ಎರಡೂ ಯಂತ್ರಗಳಲ್ಲಿ ನಡೆಯದ ಮೇಲೆ ಕಾರ್ಡೇ ಕೆಟ್ಟಿರಬೇಕೆಂಬ ಅವನ ಅನುಮಾನವು ಬಲವಾಯಿತೆಂದರೆ ಆಶ್ಚರ್ಯವೇನು!

ನಾಲ್ಕನೆಯದು, ಎಲ್ಲವೂ ಮುಗಿಯಿತೆಂದು ತೋರಿದ ಮೇಲೆ ಎದುರಾಗುವ ತಡೆ. ಈಚಿನ ವರ್ಷಗಳಲ್ಲಿ ಡಿ.ಸಿ.ಎಚ್. ಎಂಬ ಪದ್ಧತಿಯು ರೂಢಿಗೆ ಬಂದು, ಡ್ರೈವರು ಬೇರೆ, ಅದನ್ನು ಹೊಂದಿಸಿಕೊಳ್ಳುವ ನಿಯಂತ್ರಣಫಲಕವು ಬೇರೆ ಎಂದಾಗಿದೆ. ಹಲವು ಕಾರ್ಡುಗಳಲ್ಲಿ ಆ ಫಲಕವು ಮೈಕ್ರೋಸಾಫ್ಟ್ ಸ್ಟೋರ್ ಎಂಬ ಮಳಿಗೆಯ ಮೂಲಕ ಬರುತ್ತದೆ. ಈ ಮಳಿಗೆಯು ಸರಕನ್ನು ತರಿಸಿಕೊಳ್ಳುವುದು ವಿಂಡೋಸ್ ಅಪ್‌ಡೇಟ್ ಸೇವೆಯ ಹೆಗಲ ಮೇಲೆಯೇ ಎಂಬುದು ಬಹುಮಂದಿಗೆ ತಿಳಿಯದು. ಆದಕಾರಣ ಹೇಗೋ ಡ್ರೈವರನ್ನು ಸ್ಥಾಪಿಸಿಕೊಂಡವನಿಗೂ ಕೆಲವು ವೇಳೆ ಫಲಕವು ದೊರೆಯದೆ, ಬಣ್ಣವನ್ನಾಗಲಿ ವೇಗವನ್ನಾಗಲಿ ತಿದ್ದಿಕೊಳ್ಳುವ ಉಪಾಯವೇ ಇಲ್ಲದೆ ಹೋಗುತ್ತದೆ. ಸೇವೆಯೊಂದನ್ನು ನಿಲ್ಲಿಸುವಾಗ ಅದರ ಮೇಲೆ ಒರಗಿಕೊಂಡಿರುವ ಬೇರೆ ಸೇವೆಗಳು ಯಾವುವೆಂದು ನಾವು ವಿಚಾರಿಸಿರುವುದಿಲ್ಲ. ಅವು ಕುಸಿದಾಗಲೇ ಅವುಗಳ ಇರವು ನಮಗೆ ಗೊತ್ತಾಗುವುದು.

ಈ ನಾಲ್ಕರ ಮೂಲವನ್ನು ಅರಸಿದರೆ ಒಂದೇ ತತ್ತ್ವವು ಗೋಚರವಾಗುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ಇಂದಿನ ಕಲಬುರಗಿ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿಯು ಅಗಲವಾದ ಬ್ರಾಡ್ ಗೇಜಿನದು. ತರುವಾಯ ಸಿಕಂದರಾಬಾದಿನಿಂದ ಮನ್ಮಾಡಿನ ಕಡೆಗೆ ಹಾಕಿದುದು ಕಿರಿದಾದ ಮೀಟರ್ ಗೇಜಿನದು. ಎರಡೂ ಗಟ್ಟಿಯಾದ ಹಳಿಗಳೇ, ಎರಡರ ಮೇಲೂ ಗಾಡಿಗಳು ಚೆನ್ನಾಗಿಯೇ ಓಡುತ್ತಿದ್ದುವು. ಆದರೆ ಒಂದರ ಗಾಡಿಯು ಇನ್ನೊಂದರ ಮೇಲೆ ಹೋಗಲಾರದಾದುದರಿಂದ ಸರಕನ್ನೆಲ್ಲ ನಡುವೆ ಇಳಿಸಿ ಏರಿಸಬೇಕಾಗುತ್ತಿತ್ತು. ವ್ಯವಸ್ಥೆಯೂ ಡ್ರೈವರೂ ಇದರಂತೆಯೇ ಒಂದೇ ಅಳತೆಗೆ ಕಟ್ಟುಬಿದ್ದಿರತಕ್ಕವು. ಪ್ರತ್ಯೇಕವಾಗಿ ನೋಡಿದರೆ ಎರಡರಲ್ಲಿಯೂ ದೋಷವಿರದು, ದೋಷವು ಅವುಗಳ ಸಂಧಿಯಲ್ಲಿರುತ್ತದೆ. ಅವೆರಡರ ಒಡಂಬಡಿಕೆಯು ತಿಂಗಳು ತಿಂಗಳಿಗೂ ನವೀಕರಣಗೊಳ್ಳುತ್ತ ಬಂದಿದೆ. ಒಂದು ಪಕ್ಷವನ್ನು ಕಟ್ಟಿಹಾಕಿ, ಇನ್ನೊಂದು ಪಕ್ಷವನ್ನು ಮಾತ್ರ ಇಂದಿನ ದಿನಾಂಕಕ್ಕೆ ಕರೆತಂದಾಗ ಆ ಒಡಂಬಡಿಕೆಯು ಮುರಿಯದೆ ಇರಲಾರದು.

ಇದನ್ನು ಒಪ್ಪಿದಮೇಲೆ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಎರಡು ಪಕ್ಷಗಳನ್ನೂ ಒಟ್ಟಿಗೆ ನಿಲ್ಲಿಸಿದರೆ ಒಡಂಬಡಿಕೆಯು ಮುರಿಯುವುದಿಲ್ಲ. ನಮ್ಮ ಊರುಗಳ ಹಳೆಯ ಡಿ.ಟಿ.ಪಿ. ಅಂಗಡಿಗಳನ್ನು ನೋಡಿರಿ: ಲಗ್ನಪತ್ರಿಕೆಗಳನ್ನೂ ಕರಪತ್ರಗಳನ್ನೂ ಅಚ್ಚಿಗೆ ಸಿದ್ಧಪಡಿಸುವ ಅಲ್ಲಿನ ಯಂತ್ರಗಳಲ್ಲಿ, ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದ ಹಳೆಯ ಆವೃತ್ತಿಯೂ, ಯೂನಿಕೋಡಿಗೆ ಮೊದಲಿನ ಕನ್ನಡ ಅಕ್ಷರಗಳೂ, ಅವುಗಳಿಗೆ ಹೊಂದುವ ಹಳೆಯ ವಿಂಡೋಸೂ, ಅದಕ್ಕೆ ಹೊಂದುವ ಹಳೆಯ ಡ್ರೈವರೂ ಕೂಡಿಕೊಂಡು, ಅಂತರ್ಜಾಲದ ಸಂಪರ್ಕವಿಲ್ಲದೆ, ಯಾವ ಹೊಸ ಸಾಮಗ್ರಿಯನ್ನೂ ಬೇಡದೆ, ತಮ್ಮ ಕಾರ್ಯವನ್ನು ತಾವು ಮಾಡಿಕೊಂಡಿರುತ್ತವೆ. ಅದನ್ನು ಹಾಸ್ಯಮಾಡತಕ್ಕದ್ದಲ್ಲ, ಅದು ಪರಿಪೂರ್ಣವಾದ ಒಂದು ನಿಲುಗಡೆ, ತನ್ನ ಮೇರೆಯನ್ನು ತಾನು ಬಲ್ಲ ನಿಲುಗಡೆ. ಕಷ್ಟವಿರುವುದು ಅರೆನಿಲುಗಡೆಯಲ್ಲಿ. ನಿನ್ನೆಯ ವ್ಯವಸ್ಥೆಯೂ ಬೇಕು, ಇಂದಿನ ಕಾರ್ಡೂ ಬೇಕು, ನಾಳೆಯ ಆಟವೂ ಓಡಬೇಕು ಎನ್ನುವವನ ಬಯಕೆಯಲ್ಲಿ ಆ ಸಮತೆ ಇಲ್ಲ.

ವಿಂಡೋಸನ್ನೇ ತೊರೆದು ಲಿನಕ್ಸಿಗೆ ಹೋದವರು ಈ ನಿಯಮದಿಂದ ಪಾರಾದರೆಂದು ತಿಳಿಯಬೇಡಿ. ಕೃತಕ ಬುದ್ಧಿಯ ಅಭ್ಯಾಸಕ್ಕಾಗಿ ಉಬುಂಟುವನ್ನು ಹಾಕಿಕೊಂಡಿರುವ ವಿದ್ಯಾರ್ಥಿಗಳು ಈ ಕೊಂಡಾಪುರದಲ್ಲಿಯೇ ಹಲವರಿದ್ದಾರೆ. ಡ್ರೈವರಿನ ಆವೃತ್ತಿಗೂ ಅದರೊಡನೆ ಬರುವ ಲೈಬ್ರರಿ ಎಂಬ ತಂತ್ರಾಂಶದ ಆವೃತ್ತಿಗೂ ಹೊಂದಿಕೆಯಿಲ್ಲವೆಂಬ, ಗ್ರಾಫಿಕ್ಸ್ ಕಾರ್ಡಿನ ತಯಾರಕರಾದ ಎನ್‌ವಿಡಿಯಾದ ಸೂಚನೆಯನ್ನು ಕಂಡು ದಿಗಿಲುಬಿದ್ದವರೂ ಅವರಲ್ಲುಂಟು. ಹೊರ ಅಂಗಳದ ಭಾಗವು ಹೊಸದಾಗಿ, ಕರ್ನಲಿನೊಳಗೆ ಈಗಾಗಲೇ ನಡೆಯುತ್ತಿರುವ ಭಾಗವು ಹಳೆಯದಾಗಿಯೇ ಉಳಿದಾಗ ಈ ಸೂಚನೆಯು ಬರುತ್ತದೆ. ಬಹುಮಟ್ಟಿಗೆ ಒಮ್ಮೆ ಯಂತ್ರವನ್ನು ಪುನರಾರಂಭಿಸಿದರೆ ಎರಡೂ ಒಂದಾಗುತ್ತವೆ. ಅಲ್ಲಿಯೂ ಅರ್ಧ ನಡೆದು ಅರ್ಧ ನಿಂತುದೇ ವ್ಯಾಧಿ.

ಹಾಗಾದರೆ ಅಪ್‌ಡೇಟನ್ನು ಎಂದೂ ತಡೆಯಬಾರದೆ? ತಡೆಯಬೇಕಾದ ಸಮಯಗಳೂ ಉಂಟು. ಹಳೆಯ ಡ್ರೈವರನ್ನು ಬೇರುಸಹಿತ ಕಿತ್ತು ಹೊಸದನ್ನು ಹಾಕುವವರು ಡಿ.ಡಿ.ಯು. ಎಂಬ ಸಾಧನವನ್ನು ಬಳಸುವುದು ವಾಡಿಕೆ. ಆ ಹೊತ್ತಿನಲ್ಲಿ ಅಂತರ್ಜಾಲದ ಸಂಪರ್ಕವನ್ನು ಬಿಡಿಸಿಡಬೇಕೆಂದು ಅದರ ಕರ್ತೃಗಳೇ ಸೂಚಿಸುತ್ತಾರೆ. ಹಾಗೆ ಮಾಡದಿದ್ದರೆ, ಒಂದು ಡ್ರೈವರು ಹೋಗಿ ಇನ್ನೊಂದು ಬರುವುದರೊಳಗಾಗಿ ವಿಂಡೋಸ್ ಅಪ್‌ಡೇಟು ತನಗೆ ತೋಚಿದ ಮೂರನೆಯದೊಂದನ್ನು ತಂದು ಕೂರಿಸಿಬಿಡುವುದುಂಟು. ತಯಾರಕರ ತಾಣದಿಂದ ತಂದ ಹೊಸ ಡ್ರೈವರಿನ ಮೇಲೆ ಅಪ್‌ಡೇಟು ಹಳೆಯದನ್ನು ಹೇರಿತೆಂಬ ದೂರೂ ಅಪರೂಪವಲ್ಲ. ಇವು ನ್ಯಾಯವಾದ ಆಕ್ಷೇಪಣೆಗಳು. ಇವಕ್ಕೆ ಪರಿಹಾರವು ವ್ಯವಸ್ಥೆಯೊಳಗೇ ಇದೆ. ಅಪ್‌ಡೇಟುಗಳನ್ನು 35 ದಿನಗಳವರೆಗೆ ಮುಂದೂಡುವ ಅನುಕೂಲವಿದೆ; ಕೆಲಸದ ವೇಳೆಯಲ್ಲಿ ಪುನರಾರಂಭವಾಗದಂತೆ ಗೊತ್ತುಪಡಿಸುವ ಅನುಕೂಲವಿದೆ; ಪ್ರೊ ಆವೃತ್ತಿಯ ಗ್ರೂಪ್ ಪಾಲಿಸಿಯಲ್ಲಿ, ರಕ್ಷಣೆಯ ಅಪ್‌ಡೇಟುಗಳನ್ನು ಸ್ವೀಕರಿಸುತ್ತಲೇ ಅವುಗಳೊಡನೆ ಬರುವ ಡ್ರೈವರುಗಳನ್ನು ಮಾತ್ರ ಬೇಡವೆನ್ನುವ ವಿಧಿಯೂ ಇದೆ. ಬೇಕಾದುದನ್ನು ಬೇಡವಾದುದರಿಂದ ಬೇರ್ಪಡಿಸಲು ಇಷ್ಟು ಸೂಕ್ಷ್ಮವಾದ ಉಪಾಯಗಳಿರುವಾಗ, ಸೇವೆಯನ್ನೇ ಕೊಂದುಬಿಡುವ ಸ್ಥೂಲವಾದ ಉಪಾಯವನ್ನು ಆರಿಸಿಕೊಳ್ಳುವುದು ವಿವೇಕವೆನಿಸದು.

ಇದಲ್ಲದೆ, ತಡೆಯು ದೀರ್ಘವಾದಷ್ಟೂ ಅದರ ಬೆಲೆಯು ಡ್ರೈವರಿನ ಎಲ್ಲೆಯನ್ನು ಮೀರುತ್ತದೆ. 2017ರ ಮಾರ್ಚ್ 14ರಂದು ವಿಂಡೋಸಿನ ಒಂದು ದೌರ್ಬಲ್ಯಕ್ಕೆ ಪರಿಹಾರವು ಹೊರಬಂದಿತು; ಮೇ 12ರಂದು ಅದೇ ದೌರ್ಬಲ್ಯದ ಮೂಲಕ ವಾನ್ನಾಕ್ರೈ ಎಂಬ ಸುಲಿಗೆಯ ತಂತ್ರಾಂಶವು ಲೋಕದ ಮೇಲೆ ಎರಗಿತು. ನಡುವೆ ಎರಡು ತಿಂಗಳುಗಳ ಅವಕಾಶವಿದ್ದಿತು. ಬ್ರಿಟನ್ನಿನ ಆಸ್ಪತ್ರೆಗಳೂ, ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಗಣಕಗಳೂ ಅದಕ್ಕೆ ತುತ್ತಾದುವು. 35 ದಿನಗಳ ವಿಳಂಬವನ್ನು ಮಾತ್ರ ಮಾಡಿದವನು ಆ ದಿನ ಸುರಕ್ಷಿತನಾಗಿದ್ದನು; ಶಾಶ್ವತವಾಗಿ ತಡೆದವನಿಗೆ ಆ ಭಾಗ್ಯವಿರಲಿಲ್ಲ. ಹಳೆಯ ವ್ಯವಸ್ಥೆಗಳಿಗಂತೂ ಅಪ್‌ಡೇಟಿನ ಬಾಗಿಲು ಕಡೆಗೊಮ್ಮೆ ಆಚೆಯ ಕಡೆಯಿಂದಲೇ ಮುಚ್ಚುತ್ತದೆ: ವಿಂಡೋಸ್ 7ರ ಆಸರೆಯು 2020ರ ಜನವರಿ 14ಕ್ಕೂ, ವಿಂಡೋಸ್ 10ರ ಸಾಮಾನ್ಯ ಆಸರೆಯು 2025ರ ಅಕ್ಟೋಬರ್ 14ಕ್ಕೂ ಮುಗಿದುವು.

ಬೀದರಿನ ಆ ತರುಣನ ಪ್ರಸಂಗವನ್ನು ಮುಗಿಸಿಬಿಡುತ್ತೇನೆ. ಮೊದಲು ಅವನ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ಪ್ರತಿಮಾಡಿಸಿದೆವು. ಕಟ್ಟಿಹಾಕಿದ್ದ ಸೇವೆಗಳನ್ನು ಬಿಡಿಸಿ, ಕೂಡಿಬಿದ್ದಿದ್ದ ಅಪ್‌ಡೇಟುಗಳು ಬಂದು ಕೂರುವವರೆಗೆ ತಾಳ್ಮೆಯಿಂದ ಕಾದೆವು. ಯಂತ್ರವು ಹಲವು ಬಾರಿ ಆರಿ ಹೊತ್ತಿತು. ಆಮೇಲೆ, ಅರೆಬರೆಯಾಗಿ ಉಳಿದಿದ್ದ ಹಳೆಯ ಡ್ರೈವರಿನ ಅವಶೇಷಗಳನ್ನು ತೆಗೆದು, ತಯಾರಕರ ತಾಣದಿಂದ ತಂದ ಹೊಸ ಡ್ರೈವರನ್ನು ಹಾಕಿದಾಗ ಅದು ಯಾವ ಆಕ್ಷೇಪಣೆಯನ್ನೂ ಎತ್ತದೆ ಸ್ಥಾಪಿತವಾಯಿತು. ಈ ಅನುಕ್ರಮವೇ ಮುಖ್ಯ: ಮೊದಲು ಪ್ರತಿ, ಅನಂತರ ವ್ಯವಸ್ಥೆ, ಅನಂತರ ಡ್ರೈವರು. ಕಾರ್ಡನ್ನು ಕೊಳ್ಳುವುದಕ್ಕಿಂತ ಮೊದಲೇ ತನ್ನ ವಿಂಡೋಸಿನ ಆವೃತ್ತಿಯನ್ನು ನೋಡಿಕೊಂಡು, ಆ ಕಾರ್ಡಿನ ಡ್ರೈವರಿಗೆ ಬೇಕಾದ ಕನಿಷ್ಠವಾದ ಆವೃತ್ತಿಯೊಡನೆ ಹೋಲಿಸಿದ್ದರೆ ಇಷ್ಟು ಶ್ರಮವೂ ಬೇಕಾಗುತ್ತಿರಲಿಲ್ಲ.

ಆರಂಭದಲ್ಲಿ ಎತ್ತಿದ ಅಧಿಕಾರದ ಪ್ರಶ್ನೆಗೆ ಈಗ ನನಗೆ ತೋರಿದ ಉತ್ತರವನ್ನು ಹೇಳಬಹುದು. ಯಂತ್ರವು ಕೊಂಡವನದೇ, ಅಪ್‌ಡೇಟು ಯಾವಾಗ ಬರಬೇಕು, ಎಷ್ಟು ಬರಬೇಕು, ಯಾವ ಕೆಲಸದ ನಡುವೆ ಬರಬಾರದು ಎಂಬುದನ್ನು ನಿರ್ಣಯಿಸುವ ಹಕ್ಕು ಅವನದೇ, ಆ ಹಕ್ಕನ್ನು ಗೌರವಿಸದೆ ನಡುರಾತ್ರಿ ಯಂತ್ರವನ್ನು ಆರಿಸುವ ವ್ಯವಸ್ಥೆಯನ್ನು ಟೀಕಿಸುವುದೂ ನ್ಯಾಯವೇ. ಆದರೆ ಹಕ್ಕನ್ನು ಚಲಾಯಿಸುವವನು ಅದರ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ನಿಲ್ಲಿಸುವುದಾದರೆ ವ್ಯವಸ್ಥೆಯನ್ನೂ ಡ್ರೈವರನ್ನೂ ಕಾರ್ಡನ್ನೂ ಒಂದೇ ಕಾಲದಲ್ಲಿ ನಿಲ್ಲಿಸಿ, ಅಂತರ್ಜಾಲದಿಂದ ದೂರವಿಟ್ಟು, ಅದು ಮಾಡಬಲ್ಲ ಕೆಲಸದಷ್ಟರಿಂದಲೇ ತೃಪ್ತರಾಗಿರಿ. ನಡೆಸುವುದಾದರೆ ಮೂರನ್ನೂ ಜತೆಯಾಗಿ ನಡೆಸಿರಿ. ಮುಂದೂಡುವುದಾದರೆ, ಮುಂದೂಡುವ ದಿನವೇ ಮತ್ತೆ ತೆರೆಯತಕ್ಕ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿ ಇಟ್ಟುಕೊಳ್ಳಿರಿ. ಸೇವೆಯನ್ನು ನಿಲ್ಲಿಸುವ ಉಪಾಯವನ್ನು ನಿಮಗೆ ಯಾರಾದರೂ ಹೇಳಿಕೊಡಲು ಬಂದರೆ, ಅದನ್ನು ಮತ್ತೆ ಆರಂಭಿಸುವ ಉಪಾಯವನ್ನೂ ಅವರಿಂದಲೇ ಕೇಳಿ ಬರೆದಿಟ್ಟುಕೊಂಡ ತರುವಾಯವೇ ಆ ಕಾರ್ಯಕ್ಕೆ ಕೈಹಾಕಿರಿ.